ಗಣಪತಿ, ದಸರಾ, ದೀಪಾವಳಿ ಎಲ್ಲ ಮುಗಿದವು, ವಿದ್ಯುತ್ ಎಸ್‌ಯುವಿ ಇನ್ನೂ ಬಂದಿಲ್ಲ: ಕಾಯುವುದೇ, ಮುಂಗಡ ವಾಪಸ್ ಕೇಳುವುದೇ?

ಬಾಣೇರ್ ಡಾಕ್ಟರ್, ಪುಣೆ

ಎಲ್ಲರಿಗೂ ನಮಸ್ಕಾರ. ನಾನು ಬಾಣೇರ್‌ನಲ್ಲಿ ಮಕ್ಕಳ ವೈದ್ಯೆ, ತವರು ಧಾರವಾಡ. ತಂದೆಯವರಿಗೆ ಎಂಬತ್ತು ದಾಟಿದೆ, ಎರಡೂ ಮೊಣಕಾಲಿನ ಶಸ್ತ್ರಚಿಕಿತ್ಸೆ ಆಗಿದೆ. ವಿಮಾನಕ್ಕಿಂತ ಅವರಿಗೆ ಕಾರೇ ಹಿತ. ಬೇಕೆಂದಲ್ಲಿ ನಿಲ್ಲಿಸಿ ನಾಲ್ಕು ಹೆಜ್ಜೆ ಅಡ್ಡಾಡಬಹುದು. ಆದರೆ ನಮ್ಮ ಈಗಿನ ಡೀಸೆಲ್ ಗಾಡಿ ಎತ್ತರದ್ದು. ಅಪ್ಪ ಬಾಗಿಲಿನ ಮೇಲಿನ ಹಿಡಿಕೆ ಹಿಡಿದು, ಸೊಂಟ ತಿರುಗಿಸಿ, ಒಂದೊಂದೇ ಕಾಲನ್ನು ಕೈಯಿಂದ ಎತ್ತಿ ಒಳಗಿಡುತ್ತಾರೆ. ಸಾತಾರಾ, ಕರಾಡ, ಕೊಲ್ಹಾಪುರ, ನಿಪ್ಪಾಣಿ ಎಂದು ಇಳಿದಲ್ಲೆಲ್ಲ ಇದೇ ಪಾಡು.

2025ರ ಮೇ ತಿಂಗಳಲ್ಲಿ ಒಂದು ಐಷಾರಾಮಿ ವಿದ್ಯುತ್ ಎಸ್‌ಯುವಿ ನೋಡಿದೆವು. ನಿಲ್ಲಿಸಿದಾಗ ತಾನೇ ತಗ್ಗುವ ಏರ್ ಸಸ್ಪೆನ್ಷನ್ ಇದೆ. ಅಪ್ಪ ಯಾರ ಆಸರೆಯೂ ಇಲ್ಲದೆ ಕುಳಿತರು, ಎದ್ದರು, ಮತ್ತೊಮ್ಮೆ ಕುಳಿತು ನೋಡಿದರು. ಅಂದೇ ಐದು ಲಕ್ಷ ಮುಂಗಡ ಕೊಟ್ಟೆವು. ಕಂಪನಿಯ ಹೆಸರು ಇಲ್ಲಿ ಬೇಡ. ಗಾಡಿ ಯುರೋಪಿನಿಂದ ಪೂರ್ತಿ ತಯಾರಾಗಿ ಬರುವಂಥದ್ದು, ಬೆಲೆ ಒಂದು ಕೋಟಿಯ ಮೇಲೆ, ಕ್ಲಿನಿಕ್ಕಿನ ಲೆಕ್ಕದಲ್ಲಿ ಕೊಳ್ಳುತ್ತಿದ್ದೇವೆ.

ಗಣಪತಿ ಹಬ್ಬಕ್ಕೆ ಖಂಡಿತ ಎಂದರು. ಅನಂತರ ದಸರಾ ಎಂದರು, ಆಮೇಲೆ ದೀಪಾವಳಿ ಪಾಡ್ಯ. ಈಗ ನವೆಂಬರ್. ‘ಜಗತ್ತಿನಲ್ಲೆಲ್ಲ ಬಿಡಿಭಾಗಗಳ ಕೊರತೆ ಮೇಡಂ, ಆದರೆ ನಿಮ್ಮ ಗಾಡಿ ಹಡಗಿನಲ್ಲಿದೆ’ ಎನ್ನುತ್ತಿದ್ದಾರೆ. ಕಳೆದ ವಾರ ಮಾರಾಟದ ಮ್ಯಾನೇಜರ್ ಫೋನ್ ಮಾಡಿ ಎರಡು ದಾರಿ ಹೇಳಿದರು. ಇನ್ನೂ ಇಪ್ಪತ್ತೈದು ಲಕ್ಷ ಕಟ್ಟಿದರೆ ಸರದಿಯಲ್ಲಿ ಮುಂದೆ ತರುತ್ತಾರಂತೆ. ಇಲ್ಲವಾದರೆ ಬೇರೆ ಊರಿನ ಗ್ರಾಹಕರೊಬ್ಬರು ಬಿಟ್ಟುಕೊಟ್ಟ ಬಿಳಿ ಗಾಡಿ ಇದೆ, ಅದು ಮೇಲಿನ ದರ್ಜೆಯದು, ಒಂಬತ್ತು ಲಕ್ಷ ಹೆಚ್ಚು. ನಮ್ಮ ಹಳೆಯ ಗಾಡಿಗೆ ಜುಲೈನಲ್ಲಿ ಕಟ್ಟಿದ ಬೆಲೆ ಈಗ ನಡೆಯುವುದಿಲ್ಲ ಎಂದೂ ಹೇಳಿದರು.

ಹಣ ಕಟ್ಟಲೇ? ಎಲ್ಲ ಬಿಟ್ಟು ನಮ್ಮ ದೇಶದಲ್ಲೇ ಜೋಡಿಸುವ ಬೇರೆ ಗಾಡಿ ಕೊಳ್ಳಲೇ? ಹುಬ್ಬಳ್ಳಿಯ ಸೋದರಮಾವನ ಮಗ ‘ಅಕ್ಕಾ, ಇಲ್ಲಿ ಬುಕ್ ಮಾಡು, ಬೇಗ ಸಿಗುತ್ತದೆ’ ಎನ್ನುತ್ತಿದ್ದಾನೆ. ಅದು ಸರಿಯೇ?

ಕೋಥರೂಡ್ ಭಟ್ಟ, ಪುಣೆ

ಮೇಡಂ, ಹುಬ್ಬಳ್ಳಿಯ ವಿಷಯ ಮಾತ್ರ ಹೇಳುತ್ತೇನೆ. 25 ಲಕ್ಷ ರೂಪಾಯಿ ಮೀರಿದ ವಿದ್ಯುತ್ ಕಾರಿಗೆ ಕರ್ನಾಟಕದಲ್ಲಿ 2024ರಿಂದ ಶೇ. 10 ಆಜೀವ ತೆರಿಗೆ ಇದೆ. ಕೋಟಿಯ ಗಾಡಿಗೆ ಹತ್ತು ಲಕ್ಷ ಅಲ್ಲಿಗೇ ಹೋಯಿತು. ಮಹಾರಾಷ್ಟ್ರದಲ್ಲಿ 30 ಲಕ್ಷ ಮೀರಿದವಕ್ಕೆ ಶೇ. 6 ಹಾಕುವ ಪ್ರಸ್ತಾಪ 2025ರ ಬಜೆಟ್‌ನಲ್ಲಿ ಬಂದಿತ್ತು, ಅದೇ ಮಾರ್ಚ್‌ನಲ್ಲಿ ಕೈಬಿಟ್ಟರು. ನೀವು ಇರುವುದು ಪುಣೆಯಲ್ಲಿ, ನೋಂದಣಿಯೂ ಇಲ್ಲೇ ಆಗಲಿ. ಮುಂಬೈಗೆ ಹೋಗಿಬರುವವರಾದರೆ ಅಲ್ಲಿನ ಕಡಲಸೇತುವೆ ಅಟಲ್ ಸೇತುವಿನಲ್ಲಿ 2025ರ ಆಗಸ್ಟ್‌ನಿಂದ ವಿದ್ಯುತ್ ಕಾರುಗಳಿಗೆ ಟೋಲ್ ಇಲ್ಲ.

ಭೋಸರಿ ಮಷಿನ್ ಶಾಪ್, ಪುಣೆ

ತಂಗೀ, ಆ ಇಪ್ಪತ್ತೈದು ಲಕ್ಷ ಕೊಡಬೇಡ. ಮೊದಲು ಇಷ್ಟು ಹೇಳಿ ಆಮೇಲೆ ಕಾರಣ ಹೇಳುತ್ತೇನೆ.

ನನ್ನದು ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ಘಟಕ, ಊರು ಗೋಕಾಕ. ವಿದ್ಯುತ್ ಸ್ಕೂಟರುಗಳ ಮೋಟರಿಗೆ ಶಾಫ್ಟ್, ಅಂದರೆ ಒಳಗೆ ತಿರುಗುವ ಉಕ್ಕಿನ ದಂಡ, ಮಾಡಿಕೊಡುತ್ತೇವೆ. ಬಿಡಿಭಾಗದ ಕೊರತೆ ಎಂದರೆ ಏನು ಎಂಬುದನ್ನು ಈ ವರ್ಷ ಕಣ್ಣಾರೆ ಕಂಡಿದ್ದೇನೆ. 2025ರ ಏಪ್ರಿಲ್ 4ರಂದು ಚೀನಾ ಏಳು ಅಪರೂಪದ ಲೋಹಗಳ ಮೇಲೆ, ಅವುಗಳಿಂದಾಗುವ ಆಯಸ್ಕಾಂತಗಳ ಮೇಲೆ ರಫ್ತು ಪರವಾನಗಿ ಹೇರಿತು. ಡಿಸ್ಪ್ರೋಸಿಯಂ, ಟರ್ಬಿಯಂ ಎಂಬ ಎರಡು ಅವುಗಳಲ್ಲಿ ಸೇರಿವೆ. ಮೋಟರು ಬಿಸಿಯಾದಾಗ ಆಯಸ್ಕಾಂತ ತನ್ನ ಬಲ ಕಳೆದುಕೊಳ್ಳದಂತೆ ನೋಡಿಕೊಳ್ಳುವುದು ಈ ಚಿಟಿಕೆಯಷ್ಟು ಲೋಹ. ಮಳೆಗಾಲ ಶುರುವಾಗುವಾಗ ನಮ್ಮ ಗ್ರಾಹಕರಿಂದ ಫೋನ್ ಬಂತು: ‘ಮ್ಯಾಗ್ನೆಟ್ ಬಂದಿಲ್ಲ, ಶಾಫ್ಟ್ ಕಳಿಸಬೇಡಿ.’ ಗ್ರೈಂಡಿಂಗ್ ಮುಗಿದು ಕನ್ನಡಿಯಂತೆ ಹೊಳೆಯುವ ಶಾಫ್ಟುಗಳು. ಮೈಕ್ರಾನ್ ಲೆಕ್ಕದಲ್ಲಿ ಅಳತೆ ಹಿಡಿದ ಮಾಲಿಗೆ ಒಂದು ಚುಕ್ಕೆ ತುಕ್ಕು ಬಿದ್ದರೂ ಗುಜರಿಗೇ. ಎಣ್ಣೆ ಹಚ್ಚಿ, ಪ್ಲಾಸ್ಟಿಕ್ ಸುತ್ತಿ, ಕ್ರೇಟುಗಳನ್ನು ನೆಲದಿಂದ ಎತ್ತರಿಸಿಟ್ಟೆವು. ಪ್ರತಿ ಸೋಮವಾರ ಹುಡುಗರು ಬಿಚ್ಚಿ, ಒರೆಸಿ, ಮತ್ತೆ ಎಣ್ಣೆ ಹಚ್ಚುತ್ತಿದ್ದರು. ಹಾಗಾಗಿ ಕೊರತೆ ಸುಳ್ಳಲ್ಲ. ಆ ಮ್ಯಾನೇಜರ್ ಅಷ್ಟರ ಮಟ್ಟಿಗೆ ನಿಜವನ್ನೇ ಹೇಳಿದ್ದಾರೆ.

ಈಗ ಅಕ್ಟೋಬರ್‌ನಲ್ಲಿ ಇನ್ನೊಂದು ಪೆಟ್ಟು ಬಿತ್ತು. ನೆಕ್ಸ್‌ಪೀರಿಯಾ ಎಂಬ ಚಿಪ್ ಕಂಪನಿಯ ಆಡಳಿತದ ಮೇಲೆ ನೆದರ್‌ಲ್ಯಾಂಡ್ಸ್ ಸರ್ಕಾರ ಹಿಡಿತ ಸಾಧಿಸಿತು. ಅದರ ಮಾಲೀಕರು ಚೀನಾದವರು. ಪ್ರತಿಯಾಗಿ ಚೀನಾ ತನ್ನ ನೆಲದಿಂದ ಆ ಚಿಪ್‌ಗಳು ಹೊರಗೆ ಹೋಗದಂತೆ ತಡೆಯಿತು. ಬಹಳ ಸರಳವಾದ, ಅಗ್ಗದ ಚಿಪ್‌ಗಳು ಅವು. ಆದರೆ ಕೋಟಿ ಬೆಲೆಯ ಕಾರಿನ ದೀಪ, ಕಿಟಕಿ, ಸೀಟು ಎಲ್ಲದರ ಹಿಂದೆಯೂ ಅಂಥವೇ ಇರುತ್ತವೆ. ಒಂದು ಇಲ್ಲದಿದ್ದರೂ ಗಾಡಿ ಕಾರ್ಖಾನೆಯ ಗೇಟು ದಾಟುವುದಿಲ್ಲ. ಕೆಲವು ಕಂಪನಿಗಳು ಆಯಸ್ಕಾಂತವೇ ಇಲ್ಲದ ಮೋಟರು ಹಾಕುತ್ತವೆ, ಬಿಎಂಡಬ್ಲ್ಯು ಐಎಕ್ಸ್ ಅಂಥದ್ದು. ಆದರೆ ಸ್ಟೀರಿಂಗ್, ಸ್ಪೀಕರುಗಳಲ್ಲಿಯೂ ಆಯಸ್ಕಾಂತ ಬೇಕೇ ಬೇಕಲ್ಲ.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಈ ಸರಪಳಿಯ ಯಾವ ಕೊಂಡಿಯ ಮೇಲೂ ನಿನ್ನ ಇಪ್ಪತ್ತೈದು ಲಕ್ಷಕ್ಕೆ ಅಧಿಕಾರವಿಲ್ಲ. ಭಾರತಕ್ಕೆ ಇಷ್ಟು ಗಾಡಿ ಎಂದು ಕಂಪನಿಯ ಮುಖ್ಯ ಕಚೇರಿ ಮೊದಲೇ ಹಂಚಿರುತ್ತದೆ. ನಮಗೆ ಬೇಕಾದ ಬಲಬದಿ ಸ್ಟೀರಿಂಗಿನ ಗಾಡಿಗಳಿಗೆ ಬ್ರಿಟನ್, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾದವರೂ ಕೈಚಾಚಿರುತ್ತಾರೆ. ಮರ್ಸಿಡಿಸ್‌ನ ವಿದ್ಯುತ್ ಜಿ-ಕ್ಲಾಸ್ ನೋಡು, 2025ರ ಜನವರಿಯಲ್ಲಿ ಮೂರು ಕೋಟಿಗೆ ಬಿಡುಗಡೆಯಾಯಿತು, ಬರುವ ಮೊದಲೇ ತಿಂಗಳುಗಟ್ಟಲೆಯ ಪಾಲು ಮಾರಾಟವಾಗಿತ್ತು. ಅದು ತಯಾರಾಗುವುದು ಆಸ್ಟ್ರಿಯಾದ ಗ್ರಾತ್ಸ್‌ನಲ್ಲಿ. ಅಲ್ಲಿನ ಸರದಿಯನ್ನು ಪುಣೆಯ ಷೋರೂಮಿನ ಮೇಜಿನ ಮುಂದೆ ಕುಳಿತು ಯಾರು ಬದಲಿಸುತ್ತಾರೆ? ಡೀಲರ್ ಕೈಯಲ್ಲಿರುವುದು ಒಂದೇ: ಬಂದಿಳಿದ ಗಾಡಿಯನ್ನು ಯಾರಿಗೆ ಕೊಡಬೇಕು ಎಂಬುದು. ಅಂದರೆ ನಿನ್ನ ಹಣ ಗಾಡಿಯನ್ನು ಬೇಗ ತರುವುದಿಲ್ಲ, ನಿನಗಿಂತ ಮೊದಲು ಕಟ್ಟಿದವರೊಬ್ಬರನ್ನು ಹಿಂದೆ ತಳ್ಳುತ್ತದೆ. ನಾಳೆ ಮೂವತ್ತು ಲಕ್ಷ ಕೊಡುವವರು ಬಂದರೆ ನೀನೂ ಹಿಂದೆ.

ಕೇಳಬೇಕಾದದ್ದು ಒಂದೇ ಪ್ರಶ್ನೆ, ಅದೂ ಇಮೇಲ್‌ನಲ್ಲಿ: ‘ನನ್ನ ಹೆಸರಿಗೆ ನಿಗದಿಯಾದ ಗಾಡಿಯ ಚಾಸಿ ಸಂಖ್ಯೆ ಏನು?’ ತಯಾರಾಗುವ ಪ್ರತಿ ಗಾಡಿಗೂ ಅದರದೇ ಆದ ಗುರುತಿನ ಸಂಖ್ಯೆ ಅದು. ಸಂಖ್ಯೆ ಕೊಟ್ಟರೆ ಗಾಡಿ ಇದೆ. ಕೊಡದಿದ್ದರೆ ಗಾಡಿ ಇನ್ನೂ ಕಾಗದದ ಮೇಲಿದೆ. ಬುಕ್ಕಿಂಗ್ ಅರ್ಜಿಯ ಹಿಂಬದಿಯ ಸಣ್ಣ ಅಕ್ಷರಗಳನ್ನೂ ಓದು. ವಿತರಣೆಯ ದಿನದ ಬೆಲೆ ಅನ್ವಯಿಸುತ್ತದೆ ಎಂದು ಬಹುತೇಕ ಇರುತ್ತದೆ. ಯೂರೋ 2025ರಲ್ಲಿ ನೂರು ರೂಪಾಯಿ ದಾಟಿದೆ, ಕಾಯುವಷ್ಟು ಹೊತ್ತೂ ಆ ಏರಿಕೆಯ ಭಾರ ನಿನ್ನ ಮೇಲೆ.

ಕ್ಲಿನಿಕ್ಕಿನ ಲೆಕ್ಕ ಎಂದೆಯಲ್ಲ, ಇದನ್ನು ನಿಮ್ಮ ಸಿಎ ಹೇಳಿದ್ದಾರೋ ಇಲ್ಲವೋ: ವಿದ್ಯುತ್ ವಾಹನಕ್ಕೆ ಸವಕಳಿ, ಅಂದರೆ ತೆರಿಗೆ ಲೆಕ್ಕದಲ್ಲಿ ವರ್ಷಕ್ಕೆ ಖರ್ಚೆಂದು ಕಳೆಯಬಹುದಾದ ಪಾಲು, ಶೇ. 40. ಆದರೆ ಆ ಆರ್ಥಿಕ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದರೆ ಅದರ ಅರ್ಧ ಮಾತ್ರ. ಅಕ್ಟೋಬರ್ ಮೊದಲ ವಾರ ದಾಟಿದ್ದರಿಂದ ಪೂರ್ತಿ ಸವಕಳಿಯ ಅವಕಾಶ ಈ ವರ್ಷ ಕೈತಪ್ಪಿತು. ಇನ್ನು ನಿನಗೆ ಅವಸರವಿಲ್ಲ, ಆ ಅರ್ಧ ಸಿಗಲು ಮಾರ್ಚ್ 31ರೊಳಗೆ ಬಂದರೆ ಸಾಕು. ಆ ಮ್ಯಾನೇಜರ್ ಅವಸರ ಮಾಡಿದಾಗ ಇದು ನೆನಪಿರಲಿ.

ಬಿಳಿ ಗಾಡಿಯ ವಿಷಯ. ಬಣ್ಣ ಬಿಡು, ಅಪ್ಪನವರಿಗೆ ಬಣ್ಣ ಬೇಕಾಗಿಲ್ಲ. ಅದು ಯಾವ ತಿಂಗಳು ತಯಾರಾದದ್ದು, ಎಲ್ಲಿ ಎಷ್ಟು ಕಾಲ ನಿಂತಿತ್ತು ಎಂದು ಕೇಳು. ಮಾರಾಟ ಪ್ರಮಾಣಪತ್ರದಲ್ಲಿ, ಅಂದರೆ ಫಾರಂ 21ರಲ್ಲಿ, ತಯಾರಿಕೆಯ ತಿಂಗಳು, ವರ್ಷ ಬರೆದಿರುತ್ತದೆ. ಜನವರಿಯಲ್ಲಿ ಕೈಗೆ ಬಂದ 2025ರ ಗಾಡಿಯನ್ನು ಮುಂದೆ ಮಾರುವಾಗ ಒಂದು ವರ್ಷ ಹಳೆಯದೆಂದೇ ಬೆಲೆ ಕಟ್ಟುತ್ತಾರೆ. ಬೇರೆಯವರು ಬಿಟ್ಟ ಗಾಡಿಗೆ ಒಂಬತ್ತು ಲಕ್ಷ ಹೆಚ್ಚು ಕೊಡುವುದಲ್ಲ, ರಿಯಾಯಿತಿ ಕೇಳಬೇಕು.

ಮುಲುಂಡ್ ಶೆಟ್ಟಿ, ಮುಂಬೈ

ನಾನು ನ್ಹಾವಾ ಶೇವಾ ಬಂದರಿನಲ್ಲಿ ಕಸ್ಟಮ್ಸ್ ಕ್ಲಿಯರಿಂಗ್ ಕೆಲಸ ಮಾಡುವವನು. ಭೋಸರಿಯ ಅಣ್ಣನ ಮಾತಿಗೆ ಎರಡು ವಿಷಯ ಸೇರಿಸುತ್ತೇನೆ.

‘ಹಡಗಿನಲ್ಲಿದೆ’ ಎಂಬ ಮಾತನ್ನು ಪರೀಕ್ಷಿಸಬಹುದು. ಹಡಗು ಏರಿದ ಕಾರಿಗೆ ಚಾಸಿ ಸಂಖ್ಯೆ ಇದ್ದೇ ಇರುತ್ತದೆ, ಸಾಗಣೆಯ ಕಾಗದಗಳಲ್ಲಿ ಅದು ನಮೂದಾಗಿರುತ್ತದೆ. ಹಡಗಿನ ಹೆಸರು, ಹೊರಟ ದಿನ ಕೇಳಿ. ಕೆಂಪು ಸಮುದ್ರದಲ್ಲಿ ದಾಳಿಗಳು ಶುರುವಾದ ಮೇಲೆ ಯುರೋಪಿನ ಹಡಗುಗಳು ಆಫ್ರಿಕಾವನ್ನು ಸುತ್ತಿ ಬರುತ್ತಿವೆ, ಸುಮಾರು ಎರಡು ವಾರ ಹೆಚ್ಚು ಹಿಡಿಯುತ್ತದೆ. ಅದನ್ನು ಸೇರಿಸಿದರೂ ದೀಪಾವಳಿಗೆ ಬರಬೇಕಿದ್ದ ಗಾಡಿ ಎಲ್ಲಿದೆ ಎಂದು ಅವರು ಹೇಳಬಲ್ಲರು.

ಎರಡನೆಯದು ಜನರಿಗೆ ಅಷ್ಟಾಗಿ ಗೊತ್ತಿಲ್ಲ. ಈ ಬೆಲೆಯ ಆಮದು ಕಾರಿನ ಮೇಲೆ ಸುಂಕ, ಕೃಷಿ ಮೂಲಸೌಕರ್ಯ ಸೆಸ್ ಸೇರಿ ಶೇ. 110. ಆ ಹಣವನ್ನು ಮೊದಲೇ ಕಟ್ಟಿ ಗಾಡಿಯನ್ನು ಅಂಗಳದಲ್ಲಿ ನಿಲ್ಲಿಸಿಕೊಳ್ಳುವುದು ಯಾರಿಗೂ ಬೇಡ. ಆದ್ದರಿಂದ ಆಮದುದಾರರು ಸುಂಕ ಕಟ್ಟದೆ ಕಸ್ಟಮ್ಸ್ ನಿಗಾದ ಬಾಂಡೆಡ್ ಗೋದಾಮಿನಲ್ಲಿ ಇಡಿಸಿ, ಗಿರಾಕಿ ನಿಶ್ಚಯವಾದ ಮೇಲೆ ಬಿಡಿಸಿಕೊಳ್ಳುವುದುಂಟು. ನಿಮ್ಮಿಂದ ದೊಡ್ಡ ಮೊತ್ತ ಕೇಳಿದ್ದರ ಹಿಂದೆ ಇದೂ ಇರಬಹುದು. ಹಾಗಿದ್ದರೆ ತಪ್ಪಿಲ್ಲ, ಆದರೆ ಆಗ ಚಾಸಿ ಸಂಖ್ಯೆ ಕೊಡಲು ಅವರಿಗೆ ಯಾವ ಅಡ್ಡಿಯೂ ಇರಬಾರದು. ಗೋದಾಮಿನಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯಾದರೆ 12 ವೋಲ್ಟಿನ ಸಣ್ಣ ಬ್ಯಾಟರಿ, ಟೈರು ಎರಡನ್ನೂ ಪರೀಕ್ಷಿಸಿಯೇ ಒಪ್ಪಿಕೊಳ್ಳಿ.

ಬಾಣೇರ್ ಡಾಕ್ಟರ್, ಪುಣೆ

ಭೋಸರಿ ಅಣ್ಣಾ, ಶೆಟ್ಟರೇ, ಭಟ್ಟರೇ, ನಿಮಗೆಲ್ಲ ಕೃತಜ್ಞತೆಗಳು. ಸೋಮವಾರವೇ ಇಮೇಲ್ ಮಾಡಿದೆ. ಬುಧವಾರ ಉತ್ತರ ಬಂತು: ‘ಚಾಸಿ ಸಂಖ್ಯೆ ಇನ್ನೂ ನಿಗದಿಯಾಗಿಲ್ಲ, ಮುಂದಿನ ವರ್ಷದ ಮೊದಲ ತ್ರೈಮಾಸಿಕದಲ್ಲಿ ನಿರೀಕ್ಷಿಸಬಹುದು.’ ಹಡಗಿನ ಮಾತೇ ಅದರಲ್ಲಿಲ್ಲ. ಓದಿ ಬಹಳ ಸಿಟ್ಟು ಬಂತು. ಅಪ್ಪ ಪ್ರತಿ ಭಾನುವಾರ ಫೋನಿನಲ್ಲಿ ‘ಗಾಡಿ ಬಂತೇನವ್ವಾ’ ಎಂದು ಕೇಳುತ್ತಾರೆ, ಅವರಿಗೆ ನಾನು ಹಡಗಿನ ಕಥೆ ಹೇಳಿದ್ದೆ. ಮುಂಗಡ ಹಿಂತಿರುಗಿಸಲು ಬರೆಯುತ್ತಿದ್ದೇನೆ. ಪುಣೆಯ ಬಳಿಯ ಚಾಕಣ್‌ನಲ್ಲೇ ಜೋಡಣೆಯಾಗುವ ಮರ್ಸಿಡಿಸ್ ಇಕ್ಯೂಎಸ್ ಎಸ್‌ಯುವಿಯನ್ನು ಅಪ್ಪನಿಗೆ ತೋರಿಸುವ ಯೋಚನೆ ಇದೆ, ಅದರಲ್ಲೂ ಏರ್ ಸಸ್ಪೆನ್ಷನ್ ಇದೆಯಂತೆ. ಮುಂಗಡ ವಾಪಸ್ ಕೊಡದೆ ಸತಾಯಿಸಿದರೆ ಏನು ಮಾಡಬೇಕು?

ಮುಲುಂಡ್ ಶೆಟ್ಟಿ, ಮುಂಬೈ

ಆ ‘ನಿಗದಿಯಾಗಿಲ್ಲ’ ಎಂಬ ಇಮೇಲ್ ಜೋಪಾನವಾಗಿಡಿ, ಅದೇ ನಿಮ್ಮ ಸಾಕ್ಷಿ. ಮೊದಲು 1915ಕ್ಕೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಿ. ಅದಕ್ಕೂ ಬಗ್ಗದಿದ್ದರೆ ಪುಣೆಯ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಕಾಯ್ದೆಯಲ್ಲಿ ವ್ಯಾಪ್ತಿ ನಿರ್ಧಾರವಾಗುವುದು ಗಾಡಿಯ ಬೆಲೆಯಿಂದಲ್ಲ, ನೀವು ವಾಸ್ತವವಾಗಿ ಕೊಟ್ಟ ಹಣದಿಂದ. ಐವತ್ತು ಲಕ್ಷದವರೆಗೆ ಜಿಲ್ಲೆಯಲ್ಲೇ ನಡೆಯುತ್ತದೆ. ಒಂದು ಎಚ್ಚರ: ಕ್ಲಿನಿಕ್ಕಿನ ಹೆಸರಿನಲ್ಲಿ ಬುಕ್ ಮಾಡಿದ್ದರೆ ಇದು ವಾಣಿಜ್ಯ ಖರೀದಿ ಎಂದು ಅವರು ತಕರಾರು ಎತ್ತಬಹುದು, ವಕೀಲರನ್ನು ಮೊದಲೇ ಕೇಳಿಕೊಳ್ಳಿ.

ಭೋಸರಿ ಮಷಿನ್ ಶಾಪ್, ಪುಣೆ

ತಂಗೀ, ಒಳ್ಳೆಯ ನಿರ್ಧಾರ. ಚಾಕಣ್‌ನಲ್ಲಿ ಜೋಡಿಸಿದರೂ ಬಿಡಿಭಾಗಗಳ ಕಿಟ್ಟು ಹೊರಗಿನಿಂದಲೇ ಬರುತ್ತದೆ, ಆದ್ದರಿಂದ ಅಲ್ಲಿಯೂ ಅದೇ ಪ್ರಶ್ನೆ, ಚಾಸಿ ಸಂಖ್ಯೆ ಮೊದಲು, ಹಣ ಆಮೇಲೆ. ಹಳೆಯ ಗಾಡಿಯನ್ನು ಹೊಸದರ ವ್ಯವಹಾರಕ್ಕೆ ಕಟ್ಟಿಹಾಕಬೇಡ, ಹೊಸದು ಮನೆಗೆ ಬಂದ ಮೇಲೆ ಬೇರೆಯಾಗಿಯೇ ಮಾರು.

ಕಾಯುವ ಈ ದಿನಗಳಲ್ಲಿ ಮಾಡಬೇಕಾದ ಒಂದು ಕೆಲಸವಿದೆ. ನಿಮ್ಮ ಸೊಸೈಟಿಯ ಒಪ್ಪಿಗೆ ಪತ್ರ ಪಡೆದು, ಪಾರ್ಕಿಂಗ್ ಜಾಗದಲ್ಲಿ ಚಾರ್ಜಿಂಗಿಗೆ ವಿದ್ಯುತ್ ಕಂಪನಿ ಮಹಾವಿತರಣದಿಂದ ಪ್ರತ್ಯೇಕ ಮೀಟರಿಗೆ ಅರ್ಜಿ ಹಾಕು. ಮೂರು ಫೇಸ್ ಕೇಳು. ನೂರು ಯೂನಿಟ್ ಮೀರಿದ ಬ್ಯಾಟರಿ, 11 ಕಿಲೋವ್ಯಾಟ್ ಚಾರ್ಜರಿನಲ್ಲಿಯೂ ಪೂರ್ತಿ ತುಂಬಲು ಇಡೀ ರಾತ್ರಿ ಬೇಕು, ಒಂದು ಫೇಸಿನಲ್ಲಿ ಬೆಳಗಾದರೂ ಮುಗಿಯುವುದಿಲ್ಲ. ಕೇಬಲ್ ಎಳೆಯುವ ಎಲೆಕ್ಟ್ರಿಷಿಯನ್ ಬೇಕಿದ್ದರೆ ಹೇಳು, ನಮ್ಮ ಘಟಕಕ್ಕೆ ಬರುವ ಹುಡುಗ ಹುಕ್ಕೇರಿಯವನು, ಭಾನುವಾರ ಕಳಿಸುತ್ತೇನೆ.