ಶಾಸಕರಿಗೆ ಕೋರೆ ಇದ್ದರೆ ಕೋರೆ ರಾಯಲ್ಟಿ ಬಗ್ಗೆ ಸದನದಲ್ಲಿ ಮಾತಾಡಬಹುದಾ?

ಬ್ರಹ್ಮಾವರದವ:
ಭಾವ ಉಡುಪಿಯಲ್ಲಿ ಮನೆ ಕಟ್ಟಿಸುತ್ತಿದ್ದಾರೆ. ಮೊನ್ನೆ ಕೆಂಪುಕಲ್ಲಿನ ರೇಟಿನಿಂದ ಶುರುವಾದ ಮಾತು ಎಲ್ಲಿಗೋ ಹೋಯಿತು. ಒಬ್ಬ ಶಾಸಕರಿಗೆ ಸ್ವಂತ ಕಲ್ಲಿನ ಕೋರೆ ಉಂಟು ಅಂತ ಇಟ್ಟುಕೊಳ್ಳಿ, ಯಾರನ್ನೂ ಮನಸ್ಸಲ್ಲಿಟ್ಟು ಹೇಳುತ್ತಿಲ್ಲ ಮಾರಾಯ್ರೆ. ಅವರೇ ಸದನದಲ್ಲಿ ಎದ್ದು ನಿಂತು ರಾಯಲ್ಟಿ (ತೆಗೆದ ಕಲ್ಲಿಗೆ ಸರ್ಕಾರಕ್ಕೆ ಕಟ್ಟುವ ಹಣ) ಕಡಿಮೆ ಮಾಡಿ ಅಂದರೆ ಅದು ತಪ್ಪಲ್ವಾ? ಕೋರೆ ಹೆಂಡತಿ ಹೆಸರಲ್ಲಿದ್ದರೆ? "ಅಫಿಡವಿಟ್‌ನಲ್ಲಿ ಎಲ್ಲ ಬರೆದಿರುತ್ತಾರೆ, ಇನ್ನೆಂತ ಬೇಕು ನಿನಗೆ" ಅಂತ ಭಾವ.

ಕೊಡಿಯಾಲಬೈಲ್ ವಕೀಲ:
ನಿಮ್ಮ ಭಾವ ಹೇಳಿದ್ದು ಅರ್ಧ ಸರಿ. ನಾಮಪತ್ರದ ಜೊತೆ ಕೊಡುವ ಅಫಿಡವಿಟ್‌ನಲ್ಲಿ, ಅಂದರೆ ಫಾರಂ 26ರಲ್ಲಿ, ತನ್ನ, ಹೆಂಡತಿ ಅಥವಾ ಗಂಡನ, ಅವಲಂಬಿತರ ಆಸ್ತಿ ಸಾಲ ಎಲ್ಲ ಬರೆಯಬೇಕು. 2018ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಆದಾಯದ ಮೂಲ, ಸರ್ಕಾರಿ ಗುತ್ತಿಗೆ ಕೂಡ. ಗೆದ್ದ ಮೇಲೆ ಪ್ರತಿ ವರ್ಷ ಜೂನ್ 30ರೊಳಗೆ ಲೋಕಾಯುಕ್ತಕ್ಕೂ ಆಸ್ತಿ ವಿವರ ಕೊಡಬೇಕು.
ಇನ್ನು ಶಾಸಕ ಸ್ಥಾನ ಹೋಗುವ ವಿಷಯ. ಪ್ರಜಾಪ್ರತಿನಿಧಿ ಕಾಯಿದೆಯ 9ಎ ಕಲಂ ನೋಡಿ. ಸರ್ಕಾರಕ್ಕೆ ಸಾಮಾನು ಪೂರೈಸುವ ಅಥವಾ ಸರ್ಕಾರದ ಕಾಮಗಾರಿ ಮಾಡುವ ಗುತ್ತಿಗೆ ಅವರದೇ ಆಗಿ ಚಾಲ್ತಿಯಲ್ಲಿದ್ದರೆ ಮಾತ್ರ ಅನರ್ಹತೆ. ಕೆಲಸ ಪೂರ್ತಿ ಮುಗಿಸಿದ್ದರೆ, ಬಿಲ್ ಬಾಕಿ ಇದ್ದರೂ ತೊಂದರೆ ಇಲ್ಲ. ಗಣಿ ಲೀಸ್ ಈ ಕಲಮಿನ ಒಳಗೆ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ ಹಿಂದೆಯೇ ಹೇಳಿಯಾಗಿದೆ. ಹಾಗಾಗಿ ನಿಮ್ಮ ಕೋರೆ ಶಾಸಕರ ಕುರ್ಚಿಗೆ ಎಂತ ಆಗುವುದಿಲ್ಲ, ಹೆಂಡತಿ ಹೆಸರಿನ ಕೋರೆಯಂತೂ ಕೇಳುವುದೇ ಬೇಡ.

ಮಾಜಿ ಮೆಂಬರ್:
ನಾನು ಒಂದು ಅವಧಿ ಗ್ರಾಮ ಪಂಚಾಯತ್‌ನಲ್ಲಿದ್ದೆ. ಅಲ್ಲಿ ಕಾನೂನು ಇದಕ್ಕಿಂತ ಬಿಗಿ. ಪಂಚಾಯತ್ ಕಾಮಗಾರಿಯಲ್ಲಿ ನೇರವಾಗಿಯೋ ಪರೋಕ್ಷವಾಗಿಯೋ, ನಮ್ಮ ಪಾಲುದಾರನ ಮೂಲಕವೋ ಪಾಲಿದ್ದರೂ ಸದಸ್ಯತ್ವಕ್ಕೆ ಕುತ್ತು. ಚರಂಡಿ ಕೆಲಸಕ್ಕೆ ಅಷ್ಟು ಹೆದರಬೇಕು, ಕೋಟಿಗಟ್ಟಲೆ ವಿಷಯಕ್ಕೆ ಬೇಡ!

ಪುತ್ತೂರು ಅಡಿಕೆ:
ಸುಮ್ನೆ ದೊಡ್ಡದು ಮಾಡಬೇಡಿ. ತೋಟ ಇರುವ ಶಾಸಕರು ಅಡಿಕೆ ಆಮದು ಬಗ್ಗೆ ಮಾತಾಡದಿದ್ದರೆ ನಾವೇ ಬೈಯುವುದಿಲ್ವಾ? ವ್ಯವಹಾರ ಇಲ್ಲದವರೇ ಆಗಬೇಕು ಅಂದರೆ ಚುನಾವಣೆಗೆ ನಿಲ್ಲಲಿಕ್ಕೆ ಯಾರು ಸಿಗುತ್ತಾರೆ?

ಕೊಡಿಯಾಲಬೈಲ್ ವಕೀಲ:
ಅಡಿಕೆ ಜಿಲ್ಲೆಯಲ್ಲಿ ಹೆಚ್ಚಿನವರಿಗೆ ಉಂಟು, ಕೋರೆ ಬೆರಳೆಣಿಕೆ ಜನಕ್ಕೆ. ಲಾಭ ಊರಿಗೋ ನಾಲ್ಕು ಜನಕ್ಕೋ, ವ್ಯತ್ಯಾಸ ಅಲ್ಲೇ. ಬಾಯಿ ಮುಚ್ಚಿ ಅಂತ ನಾನೂ ಹೇಳುವುದಿಲ್ಲ. "ನನಗೂ ಇದರಲ್ಲಿ ವ್ಯವಹಾರ ಉಂಟು" ಅಂತ ಮೊದಲು ಹೇಳಿ, ಆಮೇಲೆ ಎಷ್ಟು ಬೇಕಾದರೂ ಮಾತಾಡಲಿ. ರಾಜ್ಯಸಭೆಯಲ್ಲಿ ಸದಸ್ಯರ ಹಿತಾಸಕ್ತಿಗೆ ಅಂತಲೇ ಒಂದು ರಿಜಿಸ್ಟರ್ ಉಂಟು. ಕಂಪನಿ ಡೈರೆಕ್ಟರ್ ಹುದ್ದೆ, ಸಂಬಳದ ಕನ್ಸಲ್ಟೆನ್ಸಿ, ಹಿಡಿತ ಇರುವಷ್ಟು ಷೇರು, ಎಲ್ಲ ಅದರಲ್ಲಿ ಬರೆಯಬೇಕು.

ಬ್ರಹ್ಮಾವರದವ:
ನಿನ್ನೆ ರಾತ್ರಿ ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಕೂತು ನಮ್ಮ ಶಾಸಕರ 2018 ಮತ್ತು 2023ರ ಅಫಿಡವಿಟ್ ಎರಡನ್ನೂ ಇಳಿಸಿಕೊಂಡೆ. ಸ್ಕ್ಯಾನ್ ಸರಿ ಇಲ್ಲ, ಕೈಬರಹ ಬೇರೆ. ಸದನದ ನಡಾವಳಿ ಜೊತೆ ಇಟ್ಟು ಓದಬೇಕು ಅಂತ ಉಂಟು. ಭಾವನಿಗೆ ಕಳಿಸಿದ್ದಕ್ಕೆ "ಮೊದಲು ಕಲ್ಲಿನ ಲೋಡ್ ಯಾವಾಗ ಬರುತ್ತದೆ ಕೇಳು" ಅಂದರು.