ಪದಚರ್ಚೆ: 'ಅಣಕು ಸೇವೆ' ಸರಿಯೇ? ಫೈಲ್ 'ಸ್ವೀಕರಿಸಲಾಗಿದೆ' ಅಂದರೆ ಏನರ್ಥ?

ಎಲ್ಲರಿಗೂ ನಮಸ್ಕಾರ.

ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದ್ದೇನೆ. ಕನ್ನಡ ಮಾಧ್ಯಮದಲ್ಲಿ ಓದಿ ಈ ಕೆಲಸಕ್ಕೆ ಹೊಸದಾಗಿ ಬಂದವರಿಗೆ ಅಂತ ಕನ್ನಡದಲ್ಲೇ ಟಿಪ್ಪಣಿ ಬರೆಯುತ್ತಿದ್ದೇನೆ. ಎರಡು ಪದಗಳ ಹತ್ತಿರ ಬಂದು ನಿಂತಿದ್ದೇನೆ. ನಿಮ್ಮ ಸಹಾಯ ಬೇಕು.

ವಿಷಯ ಇಷ್ಟು. ಒಂದು ಅರ್ಜಿಯ ಜತೆ ಫೋಟೊ, ಅಂಕಪಟ್ಟಿ ಅಪ್‌ಲೋಡ್ ಮಾಡಬೇಕು ಅಂದುಕೊಳ್ಳಿ. ಆ ಫೈಲ್ ತಗೊಳ್ಳುವ ಸರ್ವರನ್ನು ಬೇರೆ ತಂಡದವರು ಕಟ್ಟುತ್ತಿದ್ದಾರೆ. ಅದು ಇನ್ನೂ ಮುಗಿದಿಲ್ಲ. ಹಾಗಂತ ನಮ್ಮ ಪರೀಕ್ಷೆ ನಿಲ್ಲಿಸೋಕಾಗಲ್ಲ. ಅದರ ಜಾಗದಲ್ಲಿ ಅದರಂತೆಯೇ ಉತ್ತರ ಕೊಡುವ ಇನ್ನೊಂದನ್ನು ಕೂರಿಸುತ್ತೇವೆ. ಸೋಪ್‌ಯುಐ, ವೈರ್‌ಮಾಕ್ ಥರದ ಸಾಧನಗಳಲ್ಲಿ ಇದನ್ನು ಮಾಡಬಹುದು. ಎಲ್ಲರೂ ಮಾಕ್ ಸರ್ವಿಸ್ ಅನ್ನುತ್ತಾರೆ. ನಾನು 'ಅಣಕು ಸೇವೆ' ಅಂತ ಬರೆದೆ. ಕರಡು ಓದಿದ ಹುಡುಗಿಯೊಬ್ಬಳು ಕೇಳಿದಳು: "ಸರ್, ಇದು ಯಾರನ್ನ ಅಣಕಿಸುತ್ತೆ?"

ಅವಳ ಪ್ರಶ್ನೆ ಸರಿಯಾಗಿಯೇ ಇದೆ. ಮನೆಮಾತಿನಲ್ಲಿ ಅಣಕಿಸು ಅಂದರೆ ಇನ್ನೊಬ್ಬರ ಮಾತು, ನಡಿಗೆ ಮಾಡಿ ತೋರಿಸಿ ಗೇಲಿ ಮಾಡುವುದು. ಪ್ರತಿಭಟನೆಯ 'ಅಣಕು ಶವಯಾತ್ರೆ'ಯಲ್ಲಿ ಆ ಗೇಲಿ ಇನ್ನೂ ಇದೆ. ಆದರೆ ಅಗ್ನಿಶಾಮಕ ದಳದ 'ಅಣಕು ಪ್ರದರ್ಶನ'ದಲ್ಲಿ, ಕಾಲೇಜಿನ 'ಅಣಕು ಸಂಸತ್ತಿ'ನಲ್ಲಿ ಗೇಲಿ ಇಲ್ಲ. ಅಲ್ಲಿ ಅಣಕು ಅಂದರೆ ಬರೀ ಅಭ್ಯಾಸ. ಹಾಗಾಗಿ ಗೇಲಿಯ ಅರ್ಥ ನನಗೆ ದೊಡ್ಡ ತೊಡಕಲ್ಲ.

ನನ್ನ ತೊಡಕು ಬೇರೆ ಕಡೆ ಇದೆ. ಚುನಾವಣೆಯ ದಿನ ಮತಗಟ್ಟೆಯಲ್ಲಿ ನಡೆಯುವ 'ಅಣಕು ಮತದಾನ' ನೋಡಿ. ನಿಜವಾದ ಮತದಾನಕ್ಕೆ ಮೊದಲು, ಪಕ್ಷದ ಏಜೆಂಟರ ಎದುರಿಗೆ, ಕಡಿಮೆ ಅಂದರೂ 50 ಮತ ಹಾಕಿ, ಲೆಕ್ಕ ತಾಳೆ ನೋಡುತ್ತಾರೆ. ಆಮೇಲೆ ಕ್ಲಿಯರ್ ಗುಂಡಿ ಒತ್ತಿ ಆ ಮತಗಳನ್ನೆಲ್ಲ ತೆಗೆಯುತ್ತಾರೆ. ವಿವಿಪ್ಯಾಟ್‌ನಲ್ಲಿ ಬಿದ್ದ ಚೀಟಿಗಳನ್ನೂ ಹೊರಗೆ ತೆಗೆದು, ಮುದ್ರೆ ಒತ್ತಿ, ಕಪ್ಪು ಲಕೋಟೆಯಲ್ಲಿ ಸೀಲ್ ಮಾಡುತ್ತಾರೆ. ಇಲ್ಲಿ ಯಂತ್ರ ನಿಜ, ಮತ ಸುಳ್ಳು. ನಮ್ಮಲ್ಲಿ ಪೂರಾ ಉಲ್ಟಾ. ಕಳಿಸುವ ಫೈಲ್ ನಿಜ, ತಗೊಳ್ಳುವ ಯಂತ್ರ ಸುಳ್ಳು. ಅಣಕು ಪ್ರದರ್ಶನದಲ್ಲೂ ಮತದಾನದ ಹಾಗೇ. ಏಣಿ ನಿಜ, ನೀರಿನ ಪೈಪ್ ನಿಜ, ಅನಾಹುತ ಮಾತ್ರ ನಿಜವಲ್ಲ. ಕನ್ನಡದಲ್ಲಿ ಈ ಅರ್ಥದ 'ಅಣಕು' ಒಂದು ನಡೆಯುವ ಕೆಲಸಕ್ಕೆ ಅಂಟುತ್ತದೆ, ವಸ್ತುವಿಗೆ ಅಷ್ಟು ಸುಲಭವಾಗಿ ಅಂಟಲ್ಲ. 'ಅಣಕು ಯಂತ್ರ', 'ಅಣಕು ಬೀಗ' ಅಂತ ಯಾರೂ ಅನ್ನಲ್ಲ, ಅಲ್ವಾ?

ಹಾಗಾದರೆ ವಸ್ತುವಿಗೆ ಯಾವ ಪದ? 'ನಕಲಿ' ಅಂದರೆ ಮೋಸ ಬಂತು: ನಕಲಿ ನೋಟು, ನಕಲಿ ವೈದ್ಯ. 'ಸೋಗು' ಒಳ್ಳೆಯ ಪದ. ಆದರೆ ಪತ್ರಿಕೆಯಲ್ಲಿ ಅದು ಬರುವುದು 'ಅಧಿಕಾರಿಗಳ ಸೋಗಿನಲ್ಲಿ ಬಂದು ದರೋಡೆ' ಅನ್ನುವ ಕಡೆಗೇ ಜಾಸ್ತಿ. 'ಹುಸಿ' ಅಂದ ಕೂಡಲೇ ಹುಸಿ ಬಾಂಬ್ ಕರೆ ನೆನಪಾಗುತ್ತದೆ. 'ಬದಲಿ' ಬಂದರೆ ನಿಜವಾದ ಕೆಲಸವನ್ನೇ ಮಾಡಬೇಕು. ಬದಲಿ ಡ್ರೈವರ್ ಬಸ್ ಓಡಿಸಿಯೇ ಓಡಿಸುತ್ತಾನೆ.

ನನಗೆ ಹಿಡಿಸಿದ್ದು 'ಡೂಪ್'. ಹೀರೊ ಬದಲು ಕಟ್ಟಡದಿಂದ ಹಾರುವವನನ್ನು ನಮ್ಮ ಸಿನಿಮಾದವರು ಡೂಪ್ ಅನ್ನುತ್ತಾರೆ. ನೋಡುಗರಿಗೂ ಗೊತ್ತಿರುವ ಪದ. ಅದರಲ್ಲಿ ಮೋಸದ ವಾಸನೆ ಇಲ್ಲ. ಒಂದು ದೃಶ್ಯದ ಮಟ್ಟಿಗೆ ಜಾಗದಲ್ಲಿ ನಿಲ್ಲುವುದು, ಅಷ್ಟೇ. ಪರೀಕ್ಷೆಗಾಗಿ ಹೀಗೆ ನಿಲ್ಲಿಸುವ ಎಲ್ಲದಕ್ಕೂ ಸೇರಿಸಿ ಜೆರಾರ್ಡ್ ಮೆಸಾರೋಸ್ ಸಾಫ್ಟ್‌ವೇರ್ ಪರೀಕ್ಷೆಯ ಬಗ್ಗೆ ಬರೆದ ತಮ್ಮ 2007ರ ಪುಸ್ತಕದಲ್ಲಿ ಬಳಸಿದ 'ಟೆಸ್ಟ್ ಡಬಲ್' ಕೂಡ ಸಿನಿಮಾದ ಸ್ಟಂಟ್ ಡಬಲ್‌ನಿಂದ ಬಂದದ್ದೇ. ಡಮ್ಮಿ, ಸ್ಟಬ್, ಸ್ಪೈ, ಮಾಕ್, ಫೇಕ್ ಎಲ್ಲ ಅದರ ಬಗೆಗಳು. ಅಂದಮೇಲೆ ವಸ್ತುವಿಗೆ 'ಡೂಪ್ ಸರ್ವರ್', ಅದರ ಜತೆ ನಡೆಸುವ ಕೆಲಸಕ್ಕೆ 'ಅಣಕು ಪರೀಕ್ಷೆ' ಅಂತ ಇಡಬಹುದೇ? ಬರವಣಿಗೆಗೆ ಡೂಪ್ ತೀರಾ ಆಡುಮಾತಾಯಿತು ಅನ್ನುವವರು ದಯವಿಟ್ಟು ಕಾರಣ ಹೇಳಿ. ನನಗೆ ಹಾಗೆ ಅನ್ನಿಸುತ್ತಿಲ್ಲ.

ಎರಡನೆಯ ಪದ 'ಸ್ವೀಕರಿಸು'. ಇದರಿಂದ ನಮಗೆ ನಿಜವಾಗಿಯೂ ನಷ್ಟವಾಗಿದೆ.

ಬ್ರೌಸರ್ ಒಂದು ಫಾರ್ಮ್ ಕಳಿಸುವಾಗ ಹೆಸರು, ಊರು, ಫೈಲ್ ಎಲ್ಲವನ್ನೂ ಒಂದೇ ಕಂತೆ ಮಾಡಿ, ನಡುವೆ ಒಂದು ಗುರುತಿನ ಸಾಲು ಹಾಕುತ್ತದೆ. 1995ರಿಂದ ನಡೆದುಬಂದ ಪದ್ಧತಿ ಇದು. ಆ ಸಾಲು 70 ಅಕ್ಷರ ಮೀರುವಂತಿಲ್ಲ, ಫೈಲಿನ ಒಳಗೆ ಎಲ್ಲೂ ಅದೇ ಸಾಲು ಇರುವಂತಿಲ್ಲ. ಇದನ್ನು ನಾನು 'ಬದು' ಅಂತ ಕರೆದಿದ್ದೇನೆ. ಹೊಲ ಎಲ್ಲಿಗೆ ಮುಗಿಯಿತು ಅಂತ ತಿಳಿಯುವುದು ಬದುವಿನಿಂದ ತಾನೇ. ಹಳ್ಳಿಯಿಂದ ಬಂದ ಹುಡುಗರಿಗೆ ಒಂದೇ ಸಲಕ್ಕೆ ಅರ್ಥವಾಯಿತು.

ನಮ್ಮ ಪುಟದಲ್ಲಿ ಒಂದು ತಪ್ಪಿತ್ತು. ಎರಡು ಬದುಗಳ ನಡುವೆ ಫೈಲಿನ ಹೆಸರು ಹೋಗುತ್ತಿತ್ತು, ಒಳಗಿನ ದತ್ತಾಂಶ ಹೋಗುತ್ತಿರಲಿಲ್ಲ. ಸೊನ್ನೆ ಬೈಟ್. ಡೂಪ್ ಅದನ್ನು ನೋಡಲೇ ಇಲ್ಲ. ಕೋರಿಕೆ ಬಂತು ಅಂದ ಕೂಡಲೇ 'ಫೈಲ್ ಸ್ವೀಕರಿಸಲಾಗಿದೆ' ಅಂತ ಉತ್ತರ ಕೊಟ್ಟಿತು. ಆ ಸಾಲನ್ನು ಬರೆದವನು ನಾನೇ. ಫೈಲ್ ಪೂರಾ ಬಂದು, ಸರಿಯಾಗಿದೆ ಅಂತ ಖಾತ್ರಿಯಾಗಿ, ಒಳಗೆ ಸೇರಿದೆ ಅಂತ ತಂಡದವರು ತಿಳಿದುಕೊಂಡರು. ನಿಜವಾದ ಸರ್ವರ್ ಬಂದ ದಿನ ಒಂದು ಫೋಟೊ ಕೂಡ ಕಾಣಲಿಲ್ಲ. ಎರಡು ವಾರದ ಪರೀಕ್ಷೆ ಮತ್ತೆ ಮಾಡಬೇಕಾಯಿತು.

ತಪ್ಪು ಕೋಡಿನದು, ಸರಿ. ಆದರೆ ಪದವೂ ಅದನ್ನು ಮುಚ್ಚಿಟ್ಟಿತು. ಟಪಾಲು ವಿಭಾಗದಲ್ಲಿ 'ಸ್ವೀಕರಿಸಲಾಗಿದೆ' ಅಂದರೆ ಲಕೋಟೆ ಕೈಗೆ ಬಂತು ಅಂತಷ್ಟೇ. ಅದೇ 'ಸವಾಲು ಸ್ವೀಕರಿಸಿದ', 'ರಾಜೀನಾಮೆ ಸ್ವೀಕರಿಸಿದರು' ಅನ್ನುವಾಗ ಒಪ್ಪಿಗೆಯೂ ಸೇರಿದೆ. ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ನಿಯಮ ಎಚ್‌ಟಿಟಿಪಿ. ಅದರಲ್ಲಿ ಸರ್ವರ್ ಉತ್ತರವಾಗಿ ಕಳಿಸುವ 202 ಸಂಕೇತದಲ್ಲೂ ಇದೇ ಎಡವಟ್ಟು. ಆ ಸಂಕೇತದ ಹೆಸರು 'ಅಕ್ಸೆಪ್ಟೆಡ್', ಹೇಳುವುದು 'ಕೆಲಸಕ್ಕೆ ತಗೊಂಡಿದ್ದೇನೆ, ಇನ್ನೂ ಮುಗಿದಿಲ್ಲ' ಅಂತ. ಅದಕ್ಕೂ 'ಸ್ವೀಕೃತ' ಅಂತ ಬರೆದರೆ ಗೊಂದಲ ಇನ್ನೂ ಹೆಚ್ಚುತ್ತದೆ.

ಆದ್ದರಿಂದ ಫೈಲಿಗೆ ಡೂಪ್ ಏನು ಮಾಡಿತೋ ಅದನ್ನೇ ಹೇಳಿಸಬೇಕು ಅಂತ ನನ್ನ ಆಸೆ. ಬಂದದ್ದನ್ನು ನೋಡದೆ ಬಿಸಾಡಿದರೆ 'ತಲುಪಿದೆ'. ಅಳತೆ, ಬಗೆ ನೋಡಿದ್ದರೆ 'ನೋಡಿದೆ' (ಪಿಎನ್‌ಜಿ ಚಿತ್ರವನ್ನು ಮೊದಲ 8 ಬೈಟುಗಳಿಂದಲೇ ಗುರುತಿಸಬಹುದು, ಕಷ್ಟದ ಕೆಲಸವಲ್ಲ). ಮತ್ತೆ ಕೇಳಿದಾಗ ವಾಪಸ್ ಕೊಡುವಂತಿದ್ದರೆ 'ಇಟ್ಟುಕೊಂಡಿದೆ'. 'ಪರಿಶೀಲಿಸಿದೆ', 'ಸಂಗ್ರಹಿಸಿದೆ' ಅನ್ನಬಹುದಿತ್ತು. ಈ ಸಣ್ಣ ಪದಗಳಲ್ಲಿ ತಪ್ಪು ತಿಳಿಯಲು ಜಾಗ ಕಡಿಮೆ ಅನ್ನಿಸಿತು.

ಇನ್ನೊಂದು ಉಳಿದಿದೆ. ಇಟ್ಟುಕೊಂಡ ಫೈಲುಗಳನ್ನು ಮುಂದಿನ ಪರೀಕ್ಷೆಗೆ ಮೊದಲು ಪೂರ್ತಿ ತೆಗೆಯಬೇಕು, ಮತಯಂತ್ರದ ಕ್ಲಿಯರ್ ಗುಂಡಿಯ ಹಾಗೆ. 'ಅಳಿಸು' ಅನ್ನುವುದು ಆಗಲೇ ಒಂದೊಂದೇ ಫೈಲ್ ತೆಗೆಯಲು ಬಳಕೆಯಾಗಿದೆ. 'ಒರೆಸು' ಹೇಗೆ? ಈಗ ನಾವು ಫೈಲಿಗೆ ಅನ್ನುವ 'ಕಡತ' ಹಿಂದೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಮಡಿಸಿದ ಬಟ್ಟೆಯಾಗಿತ್ತು. ಬಳಪದಲ್ಲಿ ಬರೆದು, ಬೇಡವಾದರೆ ಒರೆಸಿ ಮತ್ತೆ ಬರೆಯುತ್ತಿದ್ದರು. ಲೆಕ್ಕಪತ್ರದ ಕೆಲಸ ಮಾಡಿದವರ ಮನೆಯಲ್ಲಿ ಇದಕ್ಕೆ ಬೇರೆ ಮಾತು ಕೇಳಿದ್ದರೆ ತಿಳಿಸಿ. ಟಪಾಲು ವಿಭಾಗದಲ್ಲಿ ಇದ್ದವರು, ಲಕೋಟೆ ಬಂದಿದೆ ಆದರೆ ಇನ್ನೂ ಒಡೆದಿಲ್ಲ ಅನ್ನುವುದನ್ನು ವಹಿಯಲ್ಲಿ ಹೇಗೆ ಬರೆಯುತ್ತಿದ್ದಿರಿ ಅಂತಲೂ ಹೇಳಿ. ಆ ಪದ ಸಿಕ್ಕರೆ 202ಕ್ಕೆ ಅದನ್ನೇ ಇಡುತ್ತೇನೆ.