‘ಔಷಧ ನಿರೋಧಕ’ ಎಂದರೆ ಯಾರು ಯಾರನ್ನು ತಡೆದಂತೆ?

ಎಲ್ಲರಿಗೂ ನಮಸ್ಕಾರ.

ದಾವಣಗೆರೆಯ ಆಸ್ಪತ್ರೆಯೊಂದರ ವಾರ್ಡಿಗೆ ಕನ್ನಡದಲ್ಲಿ ಸೂಚನಾ ಫಲಕ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಒಂದು ಪದದ ಬಳಿ ಸಿಕ್ಕಿಹಾಕಿಕೊಂಡಿದ್ದೇನೆ.

ಪ್ರತ್ಯೇಕ ಕೋಣೆಯ ಬಾಗಿಲಿಗೆ ಈಗ ಅಂಟಿಸಿರುವ ಚೀಟಿಯಲ್ಲಿ ‘ಔಷಧ ನಿರೋಧಕ ಬ್ಯಾಕ್ಟೀರಿಯಾ’ ಎಂದಿದೆ. ಒಳಗಿರುವವರ ಗಾಯದಲ್ಲಿ ಮೆಥಿಸಿಲಿನ್ ಎಂಬ ಆ್ಯಂಟಿಬಯಾಟಿಕ್ ಔಷಧಿಗೆ ಬಗ್ಗದ ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾ, ಅಂದರೆ ಎಂಆರ್‌ಎಸ್‌ಎ ಸಿಕ್ಕಿದೆ. ಜಗಳೂರು ಕಡೆಯಿಂದ ಬಂದಿದ್ದ ಅವರ ಅಕ್ಕ ಅಕ್ಷರ ಕೂಡಿಸಿ ಓದಿ, “ನಿರೋಧಕ ಇದೆಯಲ್ಲ, ಇನ್ನು ಹೆದರಿಕೆಯಿಲ್ಲ” ಎಂದು ಉಸಿರುಬಿಟ್ಟರು.

ನಗುವಂತಿಲ್ಲ. ಕೋವಿಡ್ ಕಾಲದಲ್ಲಿ ‘ರೋಗನಿರೋಧಕ ಶಕ್ತಿ’ ಎಂದು ದಿನಕ್ಕೆ ಹತ್ತು ಸಲ ಕೇಳಿದ ಕಿವಿ ಅದು. ವ್ಯಾಕರಣದಲ್ಲಿ ತಪ್ಪಿಲ್ಲ: ರೋಗವನ್ನು ತಡೆಯುವುದು ರೋಗನಿರೋಧಕ, ಔಷಧವನ್ನು ತಡೆಯುವುದು ಔಷಧನಿರೋಧಕ. ಆದರೆ ಬಾಗಿಲಲ್ಲಿ ನಿಂತು ಸಮಾಸ ಬಿಡಿಸುವವರು ಯಾರು?

ಮನೆಮಂದಿಯ ಬಾಯಲ್ಲಿ ಇರುವುದು ‘ಇಂಜೆಕ್ಷನ್ ನಾಟುತ್ತಿಲ್ಲ’, ‘ಗುಳಿಗೆ ಮೈಗೆ ಒಗ್ಗಿಹೋಗಿದೆ’. ಎರಡನೆಯದು ದಾರಿ ತಪ್ಪಿಸುತ್ತದೆ. ಮೈ ಒಗ್ಗಿದ್ದರೆ ಪಕ್ಕದ ಮಂಚದವರಿಗೆ ದಾಟುವ ಪ್ರಶ್ನೆಯೇ ಇರಲಿಲ್ಲ. ಹಟ ಹಿಡಿದಿರುವುದು ಬ್ಯಾಕ್ಟೀರಿಯಾ. ಮೆಥಿಸಿಲಿನ್ ಬಳಕೆಗೆ ಬಂದದ್ದು 1959ರಲ್ಲಿ. ಅದಕ್ಕೆ ಸೊಪ್ಪು ಹಾಕದ ಸ್ಟ್ಯಾಫಿಲೋಕಾಕಸ್ 1961ಕ್ಕೇ ಬ್ರಿಟನ್ನಿನಲ್ಲಿ ವರದಿಯಾಯಿತು. ಹಾಗಾಗಿ ನನಗೆ ‘ಔಷಧಿಗೆ ಜಗ್ಗದ ಬ್ಯಾಕ್ಟೀರಿಯಾ’ ಹಿಡಿಸಿದೆ. ‘ಮದ್ದಿಗೆ ಜಗ್ಗದ’ ಎಂದರೆ ಇನ್ನೂ ಚಿಕ್ಕದು, ಆದರೆ ನಮ್ಮ ಕಡೆ ಮದ್ದು ಎಂದೊಡನೆ ಯಾರೋ ಊಟದಲ್ಲಿ ಇಕ್ಕಿದ ಕೈಮದ್ದು ನೆನಪಾಗುತ್ತದೆ. ಆಸ್ಪತ್ರೆಯ ಬಾಗಿಲಿಗೆ ಬೇಡ.

ಇನ್ನೊಂದು ತೊಡಕು ಇದಕ್ಕಿಂತ ಗಟ್ಟಿ. ಎಂಆರ್‌ಎಸ್‌ಎ ಕೆಲವರ ಮೂಗಿನೊಳಗೆ, ಚರ್ಮದ ಮೇಲೆ ಸುಮ್ಮನೆ ಇದ್ದುಬಿಡುತ್ತದೆ. ಜ್ವರವಿಲ್ಲ, ಕೀವಿಲ್ಲ. ಆದರೂ ಅವರನ್ನು ಮುಟ್ಟಿದ ಕೈಯಿಂದ ಮುಂದಿನ ರೋಗಿಗೆ ಹೋಗಬಹುದು. ಇವರನ್ನು ‘ಸೋಂಕಿತರು’ ಎಂದರೆ ವೈದ್ಯರು ಒಪ್ಪುವುದಿಲ್ಲ. ‘ವಾಹಕರು’ ಎಂದರೆ ನನಗೆ ಬಸ್ಸಿನ ನಿರ್ವಾಹಕರೇ ಕಣ್ಣಿಗೆ ಬರುತ್ತಾರೆ. ತಮಾಷೆಯೆಂದರೆ ಸೋಂಕು ಎಂಬುದರ ಹಳೆಯ ಅರ್ಥವೇ ಮುಟ್ಟುವುದು. ‘ತಂಗಾಳಿ ಸೋಂಕಿತು’ ಎನ್ನುವಾಗ ಈಗಲೂ ಅದೇ. ದಾದಿಯರು ಒಂದು ಮಂಚದಿಂದ ಇನ್ನೊಂದಕ್ಕೆ ಹೋಗುವ ನಡುವೆ ಕೈಗೆ ಸ್ಯಾನಿಟೈಸರ್ ಉಜ್ಜಿಕೊಳ್ಳುವುದು ಆ ಹಳೆಯ ಸೋಂಕನ್ನು ತಡೆಯುವುದಕ್ಕೇ.

‘ಬ್ಯಾಕ್ಟೀರಿಯಾ ನೆಲೆಸಿದವರು’ ಎಂದು ಬರೆದು ಹೊಡೆದುಹಾಕಿದ್ದೇನೆ. ರೋಗಿಗೆ ಮೈಲಿಗೆಯ ಹಣೆಪಟ್ಟಿ ಹಚ್ಚದ, ಓದಿದೊಡನೆ ತಿಳಿಯುವ ಪದ ಯಾರಿಗಾದರೂ ಹೊಳೆದರೆ ತಿಳಿಸಿ. ಫಲಕ ಸೋಮವಾರ ಅಚ್ಚಿಗೆ ಹೋಗುತ್ತದೆ.